ಎಆರ್ ಪುಸ್ತಕವೋ, ಕಾಗದದ ಪುಸ್ತಕವೋ: ಓದು ಕಲಿಯುವ ಮಗುವಿಗೆ ಯಾವುದನ್ನು ಕೊಡಿಸಬೇಕು?

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ತಂದೆತಾಯಂದಿರು ನನ್ನ ಮುಂದಿಡುವ ಪ್ರಶ್ನೆ ಈಚಿನ ವರ್ಷಗಳಲ್ಲಿ ಬದಲಾಗಿದೆ. ಮಗುವಿಗೆ ಯಾವ ಕತೆಪುಸ್ತಕ ಕೊಡಿಸಲಿ ಎಂದು ಕೇಳುತ್ತಿದ್ದವರು ಈಗ, ಮೊಬೈಲ್ ಹಿಡಿದರೆ ಹಾಳೆಯಿಂದ ಚಿತ್ರ ಎದ್ದು ಬರುವ ಪುಸ್ತಕವನ್ನು ಕೊಡಿಸಬಹುದೇ, ಅದರಿಂದ ಓದು ಸುಧಾರಿಸುತ್ತದೆಯೇ ಎಂದು ಕೇಳುತ್ತಾರೆ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಶನಿವಾರದ ಮಧ್ಯಾಹ್ನಗಳಂದು ಅಕ್ಕಪಕ್ಕದ ಬೀದಿಗಳ ಮಕ್ಕಳನ್ನು ಕೂರಿಸಿಕೊಂಡು ಓದಿಸುವ ನಾನು, ಇಂತಹ ಕೆಲವು ಪುಸ್ತಕಗಳನ್ನು ಕೊಂಡು, ಮಕ್ಕಳ ಕೈಗೆ ಕೊಟ್ಟು, ಅವರು ಅವನ್ನು ಬಳಸುವ ಬಗೆಯನ್ನು ಬಹಳ ದಿನ ಗಮನಿಸಿದ್ದೇನೆ. ಆ ಅನುಭವವನ್ನೂ ಈ ವಿಷಯದಲ್ಲಿ ನಡೆದಿರುವ ಸಂಶೋಧನೆಯನ್ನೂ ಒಟ್ಟಿಗಿಟ್ಟುಕೊಂಡು, ಎಆರ್ ಪುಸ್ತಕ, ಕಾಗದದ ಚಿತ್ರಪುಸ್ತಕ, ಪರದೆಯ ಮೇಲಿನ ಇ-ಪುಸ್ತಕ, ಮಾತಾಡುವ ಪೆನ್ನು, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಇವುಗಳಲ್ಲಿ ಯಾವುದು ಯಾವ ಮಗುವಿಗೆ ಒದಗುತ್ತದೆ ಎಂಬುದನ್ನು ಇಲ್ಲಿ ಹೋಲಿಸಿದ್ದೇನೆ.

ಎಆರ್ ಎಂದರೆ ಆಗ್ಮೆಂಟೆಡ್ ರಿಯಾಲಿಟಿ. ಪುಸ್ತಕ ಕಾಗದದ್ದೇ, ಅದರ ಜೊತೆಗೆ ಒಂದು ಆ್ಯಪ್ ಇರುತ್ತದೆ. ಆ್ಯಪ್ ತೆರೆದು ಮೊಬೈಲ್ ಅಥವಾ ಟ್ಯಾಬಿನ ಕ್ಯಾಮೆರಾವನ್ನು ಪುಟದ ಮೇಲೆ ಹಿಡಿದಾಗ, ಪುಟದ ಚಿತ್ರದಲ್ಲಿರುವ ಮೂಲೆಗಳು, ಅಂಚುಗಳು, ಬಣ್ಣ ಬದಲಾಗುವ ಜಾಗಗಳನ್ನು ತಂತ್ರಾಂಶ ಗುರುತು ಹಿಡಿಯುತ್ತದೆ, ತನ್ನಲ್ಲಿ ಮೊದಲೇ ಕೂಡಿಟ್ಟ ಗುರುತುಗಳೊಂದಿಗೆ ತಾಳೆ ನೋಡುತ್ತದೆ, ಪುಟ ಯಾವ ಕೋನದಲ್ಲಿ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ, ಆ ಲೆಕ್ಕಕ್ಕೆ ಸರಿಯಾಗಿ ಮೂರು ಆಯಾಮದ ಆಕೃತಿಯೊಂದನ್ನು ಪರದೆಯಲ್ಲಿ ಪುಟದ ಮೇಲೆಯೇ ನಿಂತಂತೆ ತೋರಿಸುತ್ತದೆ. ಪುಸ್ತಕವನ್ನು ತಿರುಗಿಸಿದರೆ ಆಕೃತಿಯೂ ತಿರುಗುತ್ತದೆ. ವಿಡಿಯೊ ನೋಡುವುದಕ್ಕೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಇದೇ: ಮಗು ತನಗೆ ಬೇಕಾದ ಬದಿಯಿಂದ, ಬೇಕಾದಷ್ಟು ಹತ್ತಿರದಿಂದ, ತನ್ನ ಕೈಯಿಂದಲೇ ತಿರುಗಿಸಿ ನೋಡಬಲ್ಲದು.

ಈ ಕಲ್ಪನೆ ಹೊಸದಲ್ಲ. ಮಾರ್ಕ್ ಬಿಲ್ಲಿಂಗ್‌ಹರ್ಸ್ಟ್, ಹಿರೊಕಾಜು ಕಾಟೊ, ಇವಾನ್ ಪೌಪಿರೆವ್ ಎಂಬ ಮೂವರು ಸಂಶೋಧಕರು 2001ರಲ್ಲಿ ಮ್ಯಾಜಿಕ್‌ಬುಕ್ ಎಂಬ ಹೆಸರಿನಲ್ಲಿ ಇದನ್ನು ವಿವರಿಸಿದ್ದರು. ಅವರ ಕಲ್ಪನೆಯಲ್ಲಿ ಪುಸ್ತಕವು ಯಾವ ಉಪಕರಣವೂ ಇಲ್ಲದೆ ಸಾಮಾನ್ಯ ಪುಸ್ತಕದಂತೆ ಓದಿಸಿಕೊಳ್ಳುವಂಥದ್ದು. ಕೈಯಲ್ಲಿ ಹಿಡಿಯುವ ಪರದೆಯ ಮೂಲಕ ನೋಡಿದಾಗ ಮಾತ್ರ ಚಿತ್ರಗಳು ಎದ್ದು ನಿಲ್ಲುವಂಥದ್ದು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಹಳೆಯದಾದ ಈ ನಿಯಮವನ್ನೇ ನಾನು ಇಂದಿಗೂ ಕೊಳ್ಳುವ ಮೊದಲ ಅಳತೆಗೋಲಾಗಿ ಬಳಸುತ್ತೇನೆ. ಆ್ಯಪ್ ಇಲ್ಲದೆ ಆ ಪುಸ್ತಕವನ್ನು ಓದಿದರೆ ಅದರಲ್ಲಿ ಕತೆಯಿದೆಯೇ, ವಿಷಯವಿದೆಯೇ, ಓದುವಷ್ಟು ವಾಕ್ಯಗಳಿವೆಯೇ? ಪುಟಕ್ಕೊಂದು ಪದ, ಅದರ ಮೇಲೊಂದು ಚಿತ್ರ, ಉಳಿದದ್ದೆಲ್ಲ ಆ್ಯಪಿನೊಳಗೆ ಎಂಬಂತಿದ್ದರೆ ಅದು ಪುಸ್ತಕದ ರೂಪದ ಆಟಿಕೆ. ಆಟಿಕೆಯಾಗಿ ಅದು ಚೆನ್ನಾಗಿಯೇ ಇರಬಹುದು, ಆದರೆ ಓದಿನ ಲೆಕ್ಕದಲ್ಲಿ ಅದನ್ನು ಸೇರಿಸಬಾರದು.

ಮಗುವಿಗೆ ಏನು ಕೊರತೆಯಿದೆ ಎಂದು ಮೊದಲು ತಿಳಿಯಬೇಕು

ಓದು ಸುಧಾರಿಸಬೇಕು ಎಂದು ಹೇಳುವಾಗ ಪೋಷಕರು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಹೇಳುತ್ತಿರುತ್ತಾರೆ. ಒಂದು ಮಗು ಅಕ್ಷರ ಕೂಡಿಸಲು ತಡವರಿಸುತ್ತದೆ. ಇನ್ನೊಂದು ಸರಾಗವಾಗಿ ಓದುತ್ತದೆ, ಆದರೆ ಓದಿದ್ದು ಏನೆಂದು ಕೇಳಿದರೆ ಹೇಳಲಾರದು, ಕತೆಯಲ್ಲಿ ನಿಲ್ಲಲಾರದು. ಮೂರನೆಯದು ಕತೆಯನ್ನು ಚೆನ್ನಾಗಿಯೇ ಓದಿಕೊಳ್ಳುತ್ತದೆ, ವಿಜ್ಞಾನದ ಪಾಠ ಬಂದಾಗ ಮಾತ್ರ ಹೃದಯದ ಕವಾಟವಾಗಲಿ ಗ್ರಹಣವಾಗಲಿ ಅದರ ಕಣ್ಣಿಗೆ ಕಟ್ಟುವುದಿಲ್ಲ. ಈ ಮೂವರಿಗೂ ಒಂದೇ ಮದ್ದಿಲ್ಲ, ಮತ್ತು ಎಆರ್ ಪುಸ್ತಕ ಹೆಚ್ಚಾಗಿ ಒದಗುವುದು ಮೂರನೆಯ ಮಗುವಿಗೆ. ಮೊದಲನೆಯ ಮಗುವಿಗೆ ಅದನ್ನು ಕೊಡಿಸಿ ನಿರಾಶರಾದವರೇ ನನಗೆ ಹೆಚ್ಚು ಕಂಡಿದ್ದಾರೆ.

ಕನ್ನಡದ ಅಕ್ಷರ ಕಲಿಕೆಗೆ ಅದರದೇ ಆದ ದಾರಿಯಿದೆ, ಇದನ್ನು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಲೆಕ್ಕದಲ್ಲಿ ಅಳೆಯಲಾಗದು. ವರ್ಣಮಾಲೆಯ 49 ಅಕ್ಷರಗಳನ್ನು ಕಲಿತ ಮೇಲೆ 34 ವ್ಯಂಜನಗಳ ಕಾಗುಣಿತ, ಅದರ ಮೇಲೆ ಒತ್ತಕ್ಷರಗಳು ಎಂದು ಮಗು ನೂರಾರು ರೂಪಗಳನ್ನು ಗುರುತಿಸಲು ಕಲಿಯಬೇಕು. ಕನ್ನಡ ಓದುವ ಮಕ್ಕಳ ಮೇಲೆ ಅಧ್ಯಯನ ನಡೆಸಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧವು, ಈ ಕಲಿಕೆ ಒಂದು ವರ್ಷದಲ್ಲಿ ಮುಗಿಯುವಂಥದ್ದಲ್ಲ, ಮೂರು ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದನ್ನು ತೋರಿಸಿತು. ಎರಡನೇ ತರಗತಿಯ ಮಗು "ಪುಸ್ತಕ" ಎಂಬುದನ್ನು "ಪುಸತಕ" ಎಂದು ಓದಿದರೆ ಅದು ದಡ್ಡತನವಲ್ಲ, ಅದು ದಾರಿಯ ನಡುವಿನ ಒಂದು ನಿಲ್ದಾಣ. ಆ ಮಗುವಿಗೆ ಬೇಕಾದದ್ದು ಒತ್ತಕ್ಷರವನ್ನು ಮತ್ತೆ ಮತ್ತೆ ಕಣ್ಣಿಟ್ಟು ನೋಡುವ, ಬಾಯಿಬಿಟ್ಟು ಹೇಳುವ, ತಪ್ಪಿದಾಗ ಪಕ್ಕದಲ್ಲಿದ್ದವರು ತಿದ್ದುವ ಅವಕಾಶ.

ಎಆರ್ ಪುಸ್ತಕ ಇಲ್ಲಿ ಮಾಡುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದದ್ದನ್ನು. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬಳು ಹುಡುಗಿ ಪ್ರಾಣಿಗಳ ಎಆರ್ ಪುಸ್ತಕವೊಂದನ್ನು ಎರಡೇ ವಾರದಲ್ಲಿ ಮೊದಲಿನಿಂದ ಕೊನೆಯವರೆಗೆ "ಓದ"ತೊಡಗಿದಳು, ಅವಳ ತಾಯಿಗೆ ಬಹಳ ಸಂತೋಷವಾಯಿತು. ನಾನು ಅದೇ ಹೆಸರುಗಳನ್ನು ಬಿಳಿ ಹಾಳೆಯಲ್ಲಿ ಬರೆದು ತೋರಿಸಿದಾಗ ಅವಳಿಗೆ ನಾಲ್ಕೈದು ಮಾತ್ರ ಗುರುತು ಸಿಕ್ಕವು. ಅವಳು ಕಲಿತದ್ದು ಪುಟದ ಬಣ್ಣ ನೋಡಿ ಯಾವ ಪ್ರಾಣಿ ಎದ್ದು ಬರುತ್ತದೆ ಎಂಬುದನ್ನು. ಅಕ್ಷರದ ಕಡೆಗೆ ಕಣ್ಣು ಹೋಗುವ ಮೊದಲೇ ಉತ್ತರ ಪರದೆಯ ಮೇಲೆ ಕುಣಿಯುತ್ತಿದ್ದರೆ, ಓದುವ ಅಗತ್ಯವಾದರೂ ಮಗುವಿಗೆ ಎಲ್ಲಿದೆ? ಕಾಗದದ ಚಿತ್ರಪುಸ್ತಕದಲ್ಲೂ ಮಕ್ಕಳು ಚಿತ್ರ ನೋಡಿ ಊಹಿಸುತ್ತಾರೆ ನಿಜ. ಆದರೆ ಅಲ್ಲಿ ಚಿತ್ರದ ಮೇಲೆ ಅಂಗೈ ಇಟ್ಟು ಮುಚ್ಚಿ, ಈಗ ಓದು ಎನ್ನಬಹುದು.

ಇದರ ಜೊತೆಗೆ ಕನ್ನಡಕ್ಕೇ ಸಂಬಂಧಿಸಿದ ಒಂದು ತಾಂತ್ರಿಕ ತೊಡಕೂ ಇದೆ, ಅದನ್ನು ಕೊಳ್ಳುವವರು ತಿಳಿದಿರಲೇಬೇಕು. ಇಂತಹ ಆ್ಯಪ್‌ಗಳನ್ನು ಕಟ್ಟಲು ವ್ಯಾಪಕವಾಗಿ ಬಳಸುವ ಯೂನಿಟಿ ಎಂಬ ತಂತ್ರಾಂಶದಲ್ಲಿ ಅಕ್ಷರಗಳನ್ನು ಮೂಡಿಸುವ ಮಾಮೂಲಿ ವ್ಯವಸ್ಥೆ ಭಾರತೀಯ ಲಿಪಿಗಳ ಸಂಯುಕ್ತಾಕ್ಷರಗಳನ್ನು ಕೂಡಿಸುವುದರಲ್ಲಿ ಬಹುಕಾಲದಿಂದ ಸೋತಿದೆ. ತಯಾರಕರು ಎಚ್ಚರ ವಹಿಸದಿದ್ದರೆ "ಅಮ್ಮ" ಎಂಬುದು ಪರದೆಯ ಮೇಲೆ "ಅಮ್‌ಮ" ಎಂದು, "ಅಕ್ಕ" ಎಂಬುದು "ಅಕ್‌ಕ" ಎಂದು ಒಡೆದು ಕಾಣುತ್ತದೆ. ದೊಡ್ಡವರು ಅದನ್ನು ನೋಡಿ ಮನಸ್ಸಿನಲ್ಲೇ ಸರಿಪಡಿಸಿಕೊಂಡು ಮುಂದೆ ಹೋಗುತ್ತಾರೆ. ಒತ್ತಕ್ಷರವನ್ನು ಈಗಷ್ಟೇ ಕಲಿಯುತ್ತಿರುವ ಮಗು ತಪ್ಪನ್ನೇ ಸರಿಯೆಂದು ಕಲಿಯುತ್ತದೆ. ಆದ್ದರಿಂದ ಕನ್ನಡವಿದೆ ಎಂದು ಹೇಳಿಕೊಳ್ಳುವ ಎಆರ್ ಪುಸ್ತಕವನ್ನು ಕೊಳ್ಳುವ ಮುನ್ನ ಆ್ಯಪಿನ ಒಳಗೆ ಒತ್ತಕ್ಷರವಿರುವ ನಾಲ್ಕು ಪದಗಳನ್ನಾದರೂ ನೋಡಿ. ಅಂಗಡಿಗಳಲ್ಲಿ ಸಿಗುವ ಎಆರ್ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು ಎಂಬುದನ್ನೂ ನೆನಪಿಡಬೇಕು. ಕನ್ನಡ ಓದಲಿ ಎಂದು ಬಯಸಿ ಅವನ್ನು ಕೊಂಡರೆ ಬಯಸಿದ್ದೊಂದು, ಸಿಗುವುದೊಂದು.

ಅಕ್ಷರದ ಹಂತದಲ್ಲಿರುವ ಮಗುವಿಗೆ ನನ್ನ ಆಯ್ಕೆ ದೊಡ್ಡ ಅಕ್ಷರದ, ಪುಟಕ್ಕೆ ಒಂದೆರಡು ವಾಕ್ಯಗಳಿರುವ ಕಾಗದದ ಪುಸ್ತಕ, ಮತ್ತು ಅಂತಹ ಪುಸ್ತಕಗಳು ಹಲವು. ಬೆಂಗಳೂರಿನಲ್ಲೇ ನೆಲೆಯಿರುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕತೆಗಳು ನಾಲ್ಕು ಹಂತಗಳಲ್ಲಿ ವಿಂಗಡಣೆಯಾಗಿ ಉಚಿತವಾಗಿ ದೊರೆಯುತ್ತವೆ. ಅವನ್ನು ಇಳಿಸಿಕೊಂಡು ಮುದ್ರಿಸಲು, ಹಂಚಲು ಪರವಾನಗಿಯೂ ಇದೆ. ಮೊದಲ ಹಂತದ ಕತೆಯೊಂದನ್ನು ಬಡಾವಣೆಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಪಿನ್ ಹೊಡೆದು ಮಗುವಿನ ಕೈಗೆ ಕೊಟ್ಟರೆ, ಆ ಪುಸ್ತಕದ ಮೇಲೆ ಅದು ಪೆನ್ಸಿಲಿನಿಂದ ಗೀಚಿದರೂ ಯಾರಿಗೂ ಸಂಕಟವಿಲ್ಲ. ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದದ್ದು, ಕಾರ್ಡುಗಳನ್ನು ಹಿಡಿದು ಮಗು ತನ್ನ ವೇಗದಲ್ಲಿ ಮುಂದೆ ಸಾಗುವುದನ್ನೇ ಆಧಾರವಾಗಿಟ್ಟುಕೊಂಡಿದೆ. ಆ ಕಾರ್ಡುಗಳ ಮಾದರಿಯಲ್ಲಿ ಮನೆಯಲ್ಲೇ ರಟ್ಟು ಕತ್ತರಿಸಿ ಮಾಡಿಕೊಂಡ ಅಕ್ಷರ ಕಾರ್ಡುಗಳು, ಹಣ ಕೊಟ್ಟು ತಂದ ಎಆರ್ ಫ್ಲ್ಯಾಶ್ ಕಾರ್ಡುಗಳಿಗಿಂತ ಈ ಹಂತದಲ್ಲಿ ಹೆಚ್ಚು ಕೆಲಸ ಮಾಡುತ್ತವೆ.

ಮನೆಯಲ್ಲಿ ಕನ್ನಡ ಮಾತಾಡದ ಮಕ್ಕಳ ಸಂಗತಿ ಸ್ವಲ್ಪ ಬೇರೆ. ಬೆಂಗಳೂರಿನಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಮನೆಮಾತಿನ ಮಕ್ಕಳು ಬಹಳ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಕಾರಣ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಯಲೇಬೇಕಾದ ಭಾಷೆ. ಅವರಿಗೆ ಪಕ್ಕದಲ್ಲಿ ಕೂತು ಕನ್ನಡ ಓದಿ ಹೇಳುವವರು ಮನೆಯಲ್ಲಿ ಇರುವುದಿಲ್ಲ, ಹೀಗಾಗಿ ಧ್ವನಿ ಬೇಕಾಗುತ್ತದೆ. ಮಾತಾಡುವ ಪೆನ್ನು ಇಲ್ಲಿ ಉಪಯುಕ್ತ: ಪುಟದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಗಳ ವಿನ್ಯಾಸವನ್ನು ಮುದ್ರಿಸಿರುತ್ತಾರೆ, ಪೆನ್ನಿನ ತುದಿಯ ಪುಟ್ಟ ಕ್ಯಾಮೆರಾ ಅದನ್ನು ಓದಿ ಪದವನ್ನು ಉಚ್ಚರಿಸುತ್ತದೆ, ಪರದೆಯೇ ಇಲ್ಲ. ಅದರ ಮಿತಿಯೆಂದರೆ ಆ ಪೆನ್ನಿಗಾಗಿಯೇ ಮುದ್ರಿಸಿದ ಪುಸ್ತಕಗಳನ್ನು ಬಿಟ್ಟು ಬೇರೆ ಪುಸ್ತಕಕ್ಕೆ ಅದು ಮೂಕ. ಕೊಳ್ಳುವಾಗ ಕನ್ನಡದ ಧ್ವನಿ ಇದೆಯೇ, ಇದ್ದರೆ ಅದು ಮನುಷ್ಯರದೋ ಯಂತ್ರದ್ದೋ, ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ, ಳಕಾರ ಣಕಾರಗಳು ಸ್ಪಷ್ಟವಾಗಿ ಕೇಳುತ್ತವೆಯೇ ಎಂದು ಕಿವಿಯಿಟ್ಟು ಕೇಳಿ.

ಕತೆ ಓದುವ ಮಗು

ಅಕ್ಷರದ ಹೊಸಿಲು ದಾಟಿದ ಮಗುವಿನ ವಿಷಯಕ್ಕೆ ಬಂದರೆ ಸಂಶೋಧನೆ ಸಾಕಷ್ಟು ಹೇಳುತ್ತದೆ, ಅದರಲ್ಲಿ ಹೆಚ್ಚಿನದು ಎಆರ್‌ಗೂ ಮೊದಲಿನ ಪರದೆಯ ಪುಸ್ತಕಗಳ ಮೇಲೆ ನಡೆದದ್ದಾದರೂ ಅದರ ಪಾಠ ಇಲ್ಲಿಗೂ ಹೊಂದುತ್ತದೆ. ಅಮೆರಿಕದ ಜೋನ್ ಗಾಂಝ್ ಕೂನಿ ಸೆಂಟರ್ 2012ರಲ್ಲಿ 3ರಿಂದ 6 ವರ್ಷದ ಮಕ್ಕಳನ್ನೂ ಅವರ ತಂದೆತಾಯಂದಿರನ್ನೂ 32 ಜೋಡಿಗಳಾಗಿ ಕೂರಿಸಿ ಗಮನಿಸಿತು. ಆಟ, ಸದ್ದು, ಮುಟ್ಟಿದರೆ ಕುಣಿಯುವ ಚಿತ್ರಗಳಿದ್ದ ಇ-ಪುಸ್ತಕವನ್ನು ಓದಿದ ಮಕ್ಕಳಿಗೆ ಕಾಗದದ ಪುಸ್ತಕ ಓದಿದವರಿಗಿಂತ ಕತೆಯ ವಿವರಗಳು ಕಡಿಮೆ ನೆನಪಿದ್ದವು. ಪುಸ್ತಕದ ಸುತ್ತ ತಾಯಿ ಮಗುವಿನ ಮಾತುಕತೆಯೂ ಕತೆಯನ್ನು ಬಿಟ್ಟು, ಇಲ್ಲಿ ಒತ್ತು, ಅಲ್ಲಿ ಒತ್ತಬೇಡ ಎಂಬ ಕಡೆಗೆ ಸರಿಯುತ್ತಿತ್ತು. ಅದು ಚಿಕ್ಕ ಅಧ್ಯಯನ. ಆದರೆ 2015ರಲ್ಲಿ ಟಕಾಚ್, ಸ್ವಾರ್ಟ್, ಬುಸ್ ಎಂಬ ಸಂಶೋಧಕರು 43 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು: ಕತೆಗೆ ಹೊಂದಿಕೊಂಡು ಚಲಿಸುವ ಚಿತ್ರ, ಕತೆಗೆ ತಕ್ಕ ಸದ್ದು ಇವು ಅರ್ಥಗ್ರಹಣಕ್ಕೆ ನೆರವಾಗುತ್ತವೆ, ಮುಟ್ಟಿದರೆ ಏನೋ ಆಗುವ ಗುಂಡಿಗಳು, ನಡುವೆ ಬರುವ ಆಟಗಳು ನೆರವಾಗುವುದಿಲ್ಲ.

ಎಆರ್ ಕತೆಪುಸ್ತಕವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ನನಗೆ ಸಿಕ್ಕಿಲ್ಲ. ಆಮೆ ನಿಧಾನವಾಗಿ ಓಟದ ಗೆರೆಯ ಕಡೆಗೆ ನಡೆಯುವುದನ್ನು ಪುಟದ ಮೇಲೆ ತೋರಿಸಿದರೆ ಅದು ಕತೆಯೇ. ಅದೇ ಪುಟದಲ್ಲಿ ಮೊಲವನ್ನು ಮುಟ್ಟಿದರೆ ಅದು ಪಲ್ಟಿ ಹೊಡೆದು ನಕ್ಷತ್ರ ಉದುರಿಸಿ ಅಂಕ ಕೊಡುತ್ತದೆ ಎಂದರೆ, ಮುಂದಿನ ಪುಟ ತಿರುಗಿಸಲು ಮಗುವಿಗೆ ಮನಸ್ಸೇ ಬರುವುದಿಲ್ಲ, ಆಮೆಯ ನೆನಪೂ ಉಳಿಯುವುದಿಲ್ಲ. ಪುಸ್ತಕದ ಮಾದರಿ ವಿಡಿಯೊ ನೋಡುವಾಗ ಈ ಒಂದು ಪ್ರಶ್ನೆ ಹಿಡಿದು ನೋಡಿ: ಎದ್ದು ಬಂದ ಚಿತ್ರ ಮಾಡುತ್ತಿರುವುದು ಆ ಪುಟದ ವಾಕ್ಯ ಹೇಳುತ್ತಿರುವುದನ್ನೇ ಅಥವಾ ಬೇರೆಯದನ್ನೇ?

ಹಾಗಿದ್ದೂ, ಕತೆ ಓದುವ ಮಗುವಿಗೆ ಕಾಗದದ ಪುಸ್ತಕ ಮತ್ತು ಪಕ್ಕದಲ್ಲಿ ಕೂತ ಅಜ್ಜಿ ಅಥವಾ ತಾತ ಈ ಜೋಡಿಯನ್ನು ಮೀರಿಸುವ ಎಆರ್ ಪುಸ್ತಕವನ್ನು ನಾನು ಇನ್ನೂ ಕಂಡಿಲ್ಲ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ದೊಡ್ಡವರು ಸುಮ್ಮನೆ ಓದಿ ಹೇಳುವುದಕ್ಕಿಂತ, ಇದೇನು, ಅವನು ಯಾಕೆ ಹಾಗೆ ಮಾಡಿದ, ಮುಂದೇನಾಗಬಹುದು ಎಂದು ಕೇಳುತ್ತ, ಮಗು ಹೇಳಿದ್ದನ್ನು ಬೆಳೆಸುತ್ತ ಓದಿದರೆ ಒಂದೇ ತಿಂಗಳಲ್ಲಿ ಮಕ್ಕಳ ಮಾತಿನ ಸಾಮರ್ಥ್ಯದಲ್ಲಿ ವ್ಯತ್ಯಾಸ ಕಾಣುತ್ತದೆ. ನಮ್ಮ ಮನೆಗಳಲ್ಲಿ ಊಟ ಮಾಡಿಸುವಾಗ ಕತೆ ಹೇಳುತ್ತಿದ್ದವರು ಇದನ್ನು ಯಾರೂ ಹೇಳಿಕೊಡದೆಯೇ ಮಾಡುತ್ತಿದ್ದರು. ಕೆಲಸ ಮುಗಿಸಿ, ಹೊರವರ್ತುಲ ರಸ್ತೆಯ ಸಂಚಾರ ದಾಟಿ ರಾತ್ರಿ ಎಂಟಕ್ಕೆ ಮನೆ ಸೇರುವ ತಂದೆತಾಯಿಗೆ ಅರ್ಧ ಗಂಟೆ ಕೂತು ಓದುವ ತ್ರಾಣ ಇರುವುದಿಲ್ಲ ಎಂಬುದು ನನಗೆ ಗೊತ್ತು, ಅದಕ್ಕಾಗಿ ಅವರನ್ನು ದೂರುವುದು ಸರಿಯಲ್ಲ. ಅಂಥವರಿಗೂ ನನ್ನ ಸಲಹೆ ಹತ್ತು ನಿಮಿಷದ ಕಾಗದದ ಪುಸ್ತಕವೇ. ಎಆರ್ ಪುಸ್ತಕ ಮಗುವನ್ನು ತಾನಾಗಿ ಓದಿಕೊಳ್ಳುವಂತೆ ಬಿಡುತ್ತದೆ ಎಂಬ ನಿರೀಕ್ಷೆ ಈಡೇರುವುದಿಲ್ಲ, ಏಕೆಂದರೆ ಒಂದು ಕೈಯಲ್ಲಿ ಮೊಬೈಲ್, ಇನ್ನೊಂದರಲ್ಲಿ ಪುಸ್ತಕ ಹಿಡಿದು ಪುಟ ತಿರುಗಿಸಲು ಆರು ವರ್ಷದ ಮಗುವಿಗೆ ಮೂರನೆಯ ಕೈ ಬೇಕಾಗುತ್ತದೆ. ಆ ಕೈ ಕೊನೆಗೆ ನಿಮ್ಮದೇ.

ಓದಲು ಮನಸ್ಸೇ ಇಲ್ಲದ ಮಗುವಿಗೆ ಎಆರ್ ಪುಸ್ತಕ ಆಸೆ ಹುಟ್ಟಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹುಟ್ಟಿಸುತ್ತದೆ. ಪುಸ್ತಕ ಎಂದರೆ ಮುಖ ತಿರುಗಿಸುತ್ತಿದ್ದ ಹುಡುಗನೊಬ್ಬ ಡೈನೊಸಾರ್‌ಗಳ ಎಆರ್ ಪುಸ್ತಕಕ್ಕಾಗಿ ಸರತಿಯಲ್ಲಿ ಕಾದು ಕೂತದ್ದನ್ನು ನೋಡಿದ್ದೇನೆ. ಆದರೆ ಆ ಆಸಕ್ತಿ ನಿಂತದ್ದು ಮೂರು ನಾಲ್ಕು ವಾರ. ಎಲ್ಲ ಪ್ರಾಣಿಗಳೂ ಒಂದೊಂದು ಬಾರಿ ಎದ್ದು ಬಂದ ಮೇಲೆ ಪುಸ್ತಕ ಕಪಾಟಿನ ಮೂಲೆ ಸೇರಿತು. ಆ ವಾರಗಳಲ್ಲಿ ಡೈನೊಸಾರ್‌ಗಳ ಬಗ್ಗೆಯೇ ಇರುವ ಎರಡು ಮಾಮೂಲಿ ಪುಸ್ತಕಗಳನ್ನು ಅವನ ಕಣ್ಣಿಗೆ ಬೀಳುವಂತೆ ಇಟ್ಟದ್ದರಿಂದ ಅವನು ಅವುಗಳ ಕಡೆಗೆ ತಿರುಗಿದ. ಎಆರ್ ಪುಸ್ತಕವನ್ನು ಒಂಟಿಯಾಗಿ ಕೊಳ್ಳಬೇಡಿ, ಅದರ ವಿಷಯದ್ದೇ ಇನ್ನೆರಡು ಪುಸ್ತಕಗಳ ಜೊತೆ ಕೊಳ್ಳಿ ಎಂದು ನಾನು ಅಂದಿನಿಂದ ಹೇಳುತ್ತ ಬಂದಿದ್ದೇನೆ.

ಎಆರ್ ನಿಜವಾಗಿ ಗೆಲ್ಲುವ ಜಾಗ

ಮೂರನೆಯ ಮಗುವಿನ ವಿಷಯದಲ್ಲಿ ನನ್ನ ಮಾತಿನ ದಾಟಿ ಬೇರೆ. ಹೃದಯದ ನಾಲ್ಕು ಕೋಣೆಗಳು, ಚಂದ್ರನ ವೃದ್ಧಿ ಕ್ಷಯಗಳು, ಜ್ವಾಲಾಮುಖಿಯ ಒಳಭಾಗ, ಘನಾಕೃತಿಗಳ ಮುಖ ಮತ್ತು ಅಂಚುಗಳು ಇವೆಲ್ಲ ಮೂರು ಆಯಾಮದ ಸಂಗತಿಗಳು; ಅವನ್ನು ಚಪ್ಪಟೆ ಚಿತ್ರದಲ್ಲಿ ನೋಡಿ ಮನಸ್ಸಿನಲ್ಲಿ ಉಬ್ಬಿಸಿಕೊಳ್ಳುವುದು ಎಷ್ಟೋ ಮಕ್ಕಳಿಗೆ ಕಷ್ಟ. ಪಠ್ಯಪುಸ್ತಕದ ಚಿತ್ರದಲ್ಲಿ ಹೃದಯದ ಎಡ ಭಾಗ ಬಲಗಡೆ ಏಕಿದೆ ಎಂದು ಕೇಳದ ಮಗುವೇ ಇಲ್ಲ. ಹೃದಯದ ಆಕೃತಿಯನ್ನು ಪುಟದ ಮೇಲೆ ಎಬ್ಬಿಸಿ, ಪುಸ್ತಕವನ್ನು ನಿಧಾನವಾಗಿ ತಿರುಗಿಸಿ, ಈಗ ಇದು ನಿನ್ನ ಎದೆಯಲ್ಲಿರುವಂತೆಯೇ ನಿಂತಿದೆ ಎಂದು ತೋರಿಸಿದಾಗ ಐದನೇ ತರಗತಿಯ ಮಕ್ಕಳ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ಬಹುಮಾಧ್ಯಮದ ಮೂಲಕ ಕಲಿಯುವುದನ್ನು ಅಧ್ಯಯನ ಮಾಡಿದ ರಿಚರ್ಡ್ ಮೇಯರ್, ಹೆಸರು ಮತ್ತು ಅದು ಸೂಚಿಸುವ ಭಾಗ ಅಕ್ಕಪಕ್ಕದಲ್ಲೇ ಇದ್ದರೆ ಕಲಿಕೆ ಸುಲಭವೆಂದೂ, ವಿಷಯಕ್ಕೆ ಸಂಬಂಧವಿಲ್ಲದ ಅಲಂಕಾರವನ್ನು ತೆಗೆದಷ್ಟೂ ಒಳ್ಳೆಯದೆಂದೂ ಹೇಳುತ್ತಾರೆ. ಒಳ್ಳೆಯ ಎಆರ್ ಪುಸ್ತಕ ಮೊದಲನೆಯದನ್ನು ಸಹಜವಾಗಿ ಪಾಲಿಸುತ್ತದೆ. ಎರಡನೆಯದನ್ನು ಹೆಚ್ಚಿನವು ಮರೆಯುತ್ತವೆ: ಹಿನ್ನೆಲೆ ಸಂಗೀತ ನಿಲ್ಲಿಸುವ ಗುಂಡಿ ಇದೆಯೇ ಎಂದು ನೋಡಿಕೊಳ್ಳಿ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಪುಟದ ಮೇಲೆ ಎದ್ದು ಬರುವ ಆನೆಯೂ ಇರುವೆಯೂ ಅಂಗೈಯಗಲದವೇ. ಭೂಮಿಯೂ ಸೂರ್ಯನೂ ಒಂದೇ ಪುಟದಲ್ಲಿ ಹಿಡಿಸುತ್ತವೆ. ಗಾತ್ರದ ಅರಿವನ್ನು ಎಆರ್ ಕೊಡುವುದಿಲ್ಲ, ಕೆಲವೊಮ್ಮೆ ಕೆಡಿಸುತ್ತದೆ. ಆ ಕೊರತೆಯನ್ನು ತುಂಬಲು ಬೆಂಗಳೂರಿನ ಮಕ್ಕಳಿಗೆ ಅವಕಾಶವಿದೆ. ಸೌರಮಂಡಲದ ಪುಸ್ತಕ ನೋಡಿದ ಮಗುವನ್ನು ಜವಾಹರಲಾಲ್ ನೆಹರು ತಾರಾಲಯಕ್ಕೆ, ಯಂತ್ರಗಳ ಪುಸ್ತಕ ನೋಡಿದ ಮಗುವನ್ನು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ, ಭೂಮಿಯ ಪದರಗಳನ್ನು ನೋಡಿದ ಮಗುವನ್ನು ಸುಮಾರು 300 ಕೋಟಿ ವರ್ಷ ಹಳೆಯದಾದ ಲಾಲ್‌ಬಾಗ್ ಬಂಡೆಯ ಮೇಲಕ್ಕೆ ಕರೆದುಕೊಂಡು ಹೋದರೆ ಆ ಪುಸ್ತಕಕ್ಕೆ ಕೊಟ್ಟ ಹಣ ಇಮ್ಮಡಿ ಸಾರ್ಥಕವಾಗುತ್ತದೆ. ಚಂದ್ರನ ವೃದ್ಧಿ ಕ್ಷಯಗಳನ್ನು ಮಾತ್ರ ತೋರಿಸಬೇಕಾಗಿದ್ದರೆ ಕತ್ತಲೆ ಕೋಣೆಯಲ್ಲಿ ಒಂದು ಚೆಂಡು, ಒಂದು ಟಾರ್ಚು ಸಾಕು, ಪುಸ್ತಕವನ್ನು ಕೊಳ್ಳುವುದೇ ಬೇಡ.

ಪಠ್ಯಪುಸ್ತಕಗಳ ಮೇಲಿರುವ ಕ್ಯೂಆರ್ ಕೋಡುಗಳನ್ನು ಎಷ್ಟೋ ಮನೆಗಳಲ್ಲಿ ಒಮ್ಮೆಯೂ ಸ್ಕ್ಯಾನ್ ಮಾಡಿರುವುದಿಲ್ಲ. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆಗೆ ಅವು ಕರೆದೊಯ್ಯುತ್ತವೆ. ಪಾಠಕ್ಕೆ ಸಂಬಂಧಿಸಿದ ವಿಡಿಯೊ ಮತ್ತು ಅಭ್ಯಾಸಗಳು ಉಚಿತವಾಗಿ ಸಿಗುತ್ತವೆ. ಅವು ಎಆರ್ ಅಲ್ಲ, ಮಗು ಅವನ್ನು ತಿರುಗಿಸಿ ನೋಡಲಾಗದು, ಆದರೆ ಮಗು ಶಾಲೆಯಲ್ಲಿ ಓದುತ್ತಿರುವ ಪಾಠಕ್ಕೇ ಹೊಂದಿಕೊಂಡಿರುತ್ತವೆ. ಹಣ ಖರ್ಚು ಮಾಡುವ ಮೊದಲು ಇದನ್ನು ಪ್ರಯತ್ನಿಸಿ. ಭೂಗೋಳಕ್ಕೆ, ಬೆಂಗಳೂರಿನ ಪ್ಲೇಶಿಫು ಕಂಪನಿ ತಯಾರಿಸಿದ ಓರ್ಬೂಟ್‌ನಂತಹ ಎಆರ್ ಗೋಳಗಳೂ ಇವೆ. ಗೋಳವೇ ದುಂಡಗಿನ ವಸ್ತುವಾದ್ದರಿಂದ, ಅದನ್ನು ಕೈಯಲ್ಲಿ ತಿರುಗಿಸುತ್ತ ನೋಡುವುದರಲ್ಲಿ ಪುಸ್ತಕಕ್ಕಿಂತ ಹೆಚ್ಚಿನ ಅರ್ಥವಿದೆ; ಓದುವ ವಾಕ್ಯಗಳು ಮಾತ್ರ ಅದರಲ್ಲಿ ಕಡಿಮೆ. ಬಣ್ಣ ತುಂಬಿದ ಚಿತ್ರ ಎದ್ದು ನಿಲ್ಲುವ ಎಆರ್ ಬಣ್ಣದ ಹಾಳೆಗಳು ಮಳೆಗಾಲದ ಒಂದು ಮಧ್ಯಾಹ್ನಕ್ಕೆ ಸೊಗಸು.

ಆ್ಯಪಿನ ಆಯುಷ್ಯ

ಕಾಗದದ ಪುಸ್ತಕ ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ಪಕ್ಕದ ಮನೆಗೆ ಹೋಗುತ್ತದೆ. ಎಆರ್ ಪುಸ್ತಕದ ಅರ್ಧ ಭಾಗ ಆ್ಯಪಿನಲ್ಲಿರುವುದರಿಂದ ಅದರ ಆಯುಷ್ಯ ಕಾಗದದ ಮೇಲೆ ನಿಂತಿಲ್ಲ. 2017ರಲ್ಲಿ ಆ್ಯಪಲ್ ಕಂಪನಿ ಐಫೋನ್, ಐಪ್ಯಾಡ್‌ಗಳನ್ನು ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಐಒಎಸ್ 11 ಬಿಡುಗಡೆ ಮಾಡಿದಾಗ, 32 ಬಿಟ್ ಎಂಬ ಹಳೆಯ ಮಾದರಿಯಲ್ಲಿ ಕಟ್ಟಿದ್ದ ಆ್ಯಪ್‌ಗಳೆಲ್ಲ ಅದರಲ್ಲಿ ನಿಂತುಹೋದವು. ಶಾಲೆಗಳಲ್ಲಿ ಜನಪ್ರಿಯವಾಗಿದ್ದ, ಮೊದಲು ಅರಾಸ್ಮಾ ಎಂದೂ ನಂತರ ಎಚ್‌ಪಿ ರಿವೀಲ್ ಎಂದೂ ಹೆಸರಿದ್ದ ಎಆರ್ ಸೇವೆ 2020ರಲ್ಲಿ ಮುಚ್ಚಿತು, ಶಿಕ್ಷಕರು ಅದರಲ್ಲಿ ಮಾಡಿಟ್ಟಿದ್ದ ಪಾಠಗಳೂ ಅದರೊಂದಿಗೆ ಹೋದವು. ನಾನು ಕೊಂಡ ಮೊದಲ ಎಆರ್ ಪುಸ್ತಕದ ಗತಿಯೂ ಹೀಗೆಯೇ ಆಯಿತು. ಎರಡು ವರ್ಷದ ನಂತರ ಹೊಸ ಮೊಬೈಲಿನಲ್ಲಿ ಹುಡುಕಿದರೆ ಆ್ಯಪೇ ಸಿಗಲಿಲ್ಲ, ಪ್ರಕಾಶಕರಿಗೆ ಬರೆದ ಪತ್ರಕ್ಕೆ ಉತ್ತರವೂ ಬರಲಿಲ್ಲ. ಆ ಪುಸ್ತಕದಲ್ಲಿ ಓದಲು ಪುಟಕ್ಕೊಂದು ಪದ ಮಾತ್ರ ಇದ್ದುದರಿಂದ ಈಗ ಅದನ್ನು ಯಾವ ಮಗುವೂ ಮುಟ್ಟುವುದಿಲ್ಲ.

ಆದ್ದರಿಂದ ಕೊಳ್ಳುವ ಮುನ್ನ ಪ್ಲೇಸ್ಟೋರಿನಲ್ಲಿ ಆ ಆ್ಯಪನ್ನು ಹುಡುಕಿ, ಅದು ಕೊನೆಯ ಬಾರಿ ಯಾವಾಗ ಅಪ್‌ಡೇಟ್ ಆಗಿದೆ ಎಂದು ನೋಡಿ. ವರ್ಷಗಳಿಂದ ಯಾರೂ ಮುಟ್ಟಿಲ್ಲದಿದ್ದರೆ ಅಲ್ಲಿಗೇ ಬಿಡಿ. ಒಮ್ಮೆ ಇಳಿಸಿಕೊಂಡ ಮೇಲೆ ನೆಟ್ ಇಲ್ಲದೆಯೂ ನಡೆಯುತ್ತದೆಯೇ, ಎಷ್ಟು ಜಾಗ ತಿನ್ನುತ್ತದೆ, ಪುಸ್ತಕದ ಕೋಡು ಒಂದೇ ಮೊಬೈಲಿಗೆ ಸೀಮಿತವೇ ಎಂಬುದನ್ನೂ ವಿಚಾರಿಸಿ. ಪುಟದ ಚಿತ್ರವನ್ನು ಗುರುತಿಸಿ ಕೆಲಸ ಮಾಡುವ ಪುಸ್ತಕಗಳು ಸಾಧಾರಣ ಮೊಬೈಲಿನಲ್ಲೂ ನಡೆಯುತ್ತವೆ; ಪ್ರಾಣಿಯನ್ನು ಮನೆಯ ನೆಲದ ಮೇಲೆ ನಿಲ್ಲಿಸುವಂಥವುಗಳಿಗೆ ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಗೂಗಲ್‌ನ ಎಆರ್‌ಕೋರ್ ಎಂಬ ಎಆರ್ ತಂತ್ರಾಂಶಕ್ಕೆ ಹೊಂದುವ ಮೊಬೈಲೇ ಬೇಕು. ನಯವಾದ ಹೊಳೆಯುವ ಕಾಗದದ ಮೇಲೆ ಟ್ಯೂಬ್‌ಲೈಟ್ ಬೆಳಕು ಪ್ರತಿಫಲಿಸಿದರೆ ಕ್ಯಾಮೆರಾಗೆ ಪುಟದ ಗುರುತು ಸಿಗುವುದಿಲ್ಲ, ನಡುವಿನ ಹೊಲಿಗೆಯ ಬಳಿ ಪುಟ ಬಾಗಿದ್ದರೂ ಚಿತ್ರ ನಡುಗುತ್ತದೆ. ಹೊಳಪಿಲ್ಲದ ಕಾಗದದ, ಪೂರ್ತಿ ಬಿಚ್ಚಿ ಮಲಗಿಸಲು ಬರುವ ಪುಸ್ತಕ ಮೇಲು.

ಆ್ಯಪ್ ಮಗುವಿನ ಹೆಸರು, ಹುಟ್ಟಿದ ದಿನ, ಫೋಟೊ ಕೇಳಿದರೆ ಕೊಡಬೇಕಾಗಿಲ್ಲ. ಕ್ಯಾಮೆರಾ ಅನುಮತಿ ಎಆರ್‌ಗೆ ಅನಿವಾರ್ಯ. ಸಂಪರ್ಕಗಳ ಪಟ್ಟಿ, ಸ್ಥಳದ ಮಾಹಿತಿ ಅನಿವಾರ್ಯವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯ ಮಾಡುತ್ತದೆ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುತ್ತದೆ. ಪರದೆಯ ಸಮಯದ ವಿಷಯದಲ್ಲಿ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, 2ರಿಂದ 5 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎನ್ನುತ್ತದೆ. ಎಆರ್ ಪುಸ್ತಕದ ಸಮಯವೂ ಆ ಗಂಟೆಯೊಳಗೇ ಬರುತ್ತದೆ. ಪುಸ್ತಕ ಎಂಬ ಹೆಸರಿದೆ ಎಂದು ಅದಕ್ಕೆ ಬೇರೆ ಲೆಕ್ಕವಿಲ್ಲ.

ನಾಲ್ಕು ವರ್ಷದೊಳಗಿನ ಮಗುವಿಗೆ ನಾನು ಎಆರ್ ಪುಸ್ತಕವನ್ನು ಸೂಚಿಸುವುದಿಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ಹಣವೆಲ್ಲ ಕಾಗದದ ಕನ್ನಡ ಪುಸ್ತಕಗಳಿಗೆ ಹೋಗಲಿ. ಮನೆಯಲ್ಲಿ ಕನ್ನಡವಿಲ್ಲದಿದ್ದರೆ ಮಾತಾಡುವ ಪೆನ್ನಿಗೆ ಒಂದು ಪಾಲು ಎತ್ತಿಡಿ. ನಾಲ್ಕನೇ ತರಗತಿಯಿಂದ ಮೇಲಕ್ಕೆ ವಿಜ್ಞಾನದ್ದೋ ಭೂಗೋಳದ್ದೋ ಒಂದು ಒಳ್ಳೆಯ ಎಆರ್ ಪುಸ್ತಕವನ್ನು ಧಾರಾಳವಾಗಿ ಕೊಳ್ಳಬಹುದು, ಅದನ್ನು ನಾಲ್ಕು ಮನೆಯವರು ಸೇರಿ ಕೊಂಡರೆ ಇನ್ನೂ ಒಳ್ಳೆಯದು. ಕತೆಪುಸ್ತಕಗಳಿಗೆ ಗಾಂಧಿ ಬಜಾರಿನ, ಗಾಂಧಿನಗರದ ಕನ್ನಡ ಪುಸ್ತಕದಂಗಡಿಗಳಲ್ಲಿ ಮಗುವನ್ನೇ ಕಪಾಟಿನ ಮುಂದೆ ನಿಲ್ಲಿಸಿ ಆರಿಸಿಕೊಳ್ಳಲು ಬಿಡಿ. ಕಬ್ಬನ್ ಉದ್ಯಾನದ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯಕ್ಕೂ ಒಮ್ಮೆ ಕರೆದುಕೊಂಡು ಹೋಗಿ.

ಎಆರ್ ಪುಸ್ತಕ ಮನೆಗೆ ಬಂದ ಮೇಲೆ ನಮ್ಮ ಕೋಣೆಯಲ್ಲಿ ನಡೆಯುವ ಕ್ರಮ ಹೀಗಿದೆ. ಮೊಬೈಲ್ ಮೇಜಿನ ಮೇಲೆ ಮಗುಚಿ ಇರುತ್ತದೆ. ಮಗು ಪುಟವನ್ನು ಗಟ್ಟಿಯಾಗಿ ಓದಿ, ಈಗ ಏನು ಎದ್ದು ಬರಬಹುದು, ಅದು ಏನು ಮಾಡುತ್ತಿರಬಹುದು ಎಂದು ತಾನೇ ಹೇಳಬೇಕು. ಆಮೇಲೆ ಮೊಬೈಲ್ ಎತ್ತಿಕೊಂಡು ನೋಡಬೇಕು. ಪುಸ್ತಕಗಳ ರಾಶಿಗೆ ಒರಗಿಸಿದ ಒಂದು ಮೊಬೈಲ್ ಸ್ಟ್ಯಾಂಡ್ ಇದ್ದರೆ ಎರಡೂ ಕೈ ಬಿಡುವಾಗುತ್ತವೆ. ನೋಡಿಯಾದ ಮೇಲೆ, ತಾನು ಊಹಿಸಿದ್ದರಲ್ಲಿ ಯಾವುದು ಸರಿ, ಪುಟದಲ್ಲಿ ಬರೆದಿರುವ ಯಾವುದನ್ನು ಆ್ಯಪ್ ತೋರಿಸಲಿಲ್ಲ ಎಂದು ಮಗು ಮತ್ತೆ ಪುಟಕ್ಕೆ ಮರಳಿ ಹುಡುಕುತ್ತದೆ, ಮತ್ತು ಆ ಎರಡನೆಯ ಓದು ಮೊದಲನೆಯದಕ್ಕಿಂತ ಬಹಳ ನಿಧಾನವಾಗಿ, ಬೆರಳಿಟ್ಟು ನಡೆಯುತ್ತದೆ.